ಹೆಚ್ಚು ಕೆಟ್ಟವರು ಯಾರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ‘ಜಗತ್ತಿನ ಹತ್ತು ಅತಿ ಕೆಟ್ಟ ಮನುಷ್ಯರು’. ಒಂದೊಂದು ಫೋಟೋ, ಪಕ್ಕದಲ್ಲಿ ಸತ್ತವರ ಲೆಕ್ಕ, ಆ ಲೆಕ್ಕದ ಪ್ರಕಾರ ಒಂದನೇ ಸ್ಥಾನ, ಎರಡನೇ ಸ್ಥಾನ. ಕೆಳಗೆ ನಿನ್ನ ಪ್ರಶ್ನೆ: "ಅಮ್ಮಾ, ಇಷ್ಟು ವರ್ಷ ಕೋರ್ಟಲ್ಲಿ ಕೂತವಳು ನೀನು. ಕೆಟ್ಟತನಕ್ಕೆ ಹೀಗೆಲ್ಲ ಅಳತೆ ಹಾಕೋಕಾಗುತ್ತಾ? ಕೆಟ್ಟದ್ದು ಅಂದ್ರೆ ಎಲ್ಲಾ ಒಂದೇ ಅಲ್ವಾ?"

ಒಂದೇ ಅಲ್ಲ ಕಣೇ. ಒಂದೇ ಆಗಿದ್ದರೆ ಕೋರ್ಟೇ ಬೇಕಿರಲಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ಜಡ್ಜ್ ಸಾಹೇಬರ ಮುಂದಿನ ಮೇಜಿನಲ್ಲಿ ಕೂತು ನಾನು ಕೇಸು ಕೂಗಿಸಿದ್ದು, ವಾಯಿದೆ ಬರೆದದ್ದು, ಸಾಕ್ಷಿಗೆ ಪ್ರಮಾಣ ಮಾಡಿಸಿದ್ದು ಎಲ್ಲ ಎರಡು ಪ್ರಶ್ನೆಗಾಗಿ. ಮಾಡಿದ್ದು ಇವನೇನಾ? ಮಾಡಿದ್ದರೆ ಅದು ಎಷ್ಟು ಕೆಟ್ಟದ್ದು? ಮೊದಲನೆಯದಕ್ಕೆ ಸಾಕ್ಷಿ ಸಿಕ್ಕಿದರೆ ಉತ್ತರ ಸಿಗುತ್ತದೆ. ಎರಡನೆಯದು ಕಷ್ಟ.

ಒಬ್ಬ ಮನುಷ್ಯ ಸತ್ತಿದ್ದಾನೆ ಅಂತ ಇಟ್ಟುಕೋ. ಹೆಣ ಒಂದೇ, ಮನೆಯವರ ಅಳು ಒಂದೇ. ಆದರೆ ಸಾಯಿಸಬೇಕು ಅಂತಲೇ ಕತ್ತಿ ಬೀಸಿದವನಿಗೆ ನಮ್ಮ ಕಾಲದಲ್ಲಿ ಐಪಿಸಿ 302. ಸಾಯಿಸುವ ಉದ್ದೇಶ ಇಲ್ಲದಿದ್ದರೂ, ಹೀಗೆ ಹೊಡೆದರೆ ಸಾಯಬಹುದು ಅಂತ ಗೊತ್ತಿದ್ದೇ ಹೊಡೆದವನಿಗೆ 304. ಎಚ್ಚರ ಇಲ್ಲದೆ ಲಾರಿ ಓಡಿಸಿ ಸಾಯಿಸಿದವನಿಗೆ 304ಎ, ಹೆಚ್ಚೆಂದರೆ 2 ವರ್ಷ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಇವೆಲ್ಲ 103, 105, 106 ಆಗಿವೆ. ಕೊನೆಯದಕ್ಕೆ ಈಗ 5 ವರ್ಷದವರೆಗೂ ಕೊಡಬಹುದು. ನಂಬರು ಬದಲಾಯಿತು, ಮೆಟ್ಟಿಲು ಹಾಗೇ ಉಳಿಯಿತು. ಈ ಮೆಟ್ಟಿಲು ಕಟ್ಟಿರುವುದು ಹೆಣದ ಲೆಕ್ಕದ ಮೇಲಲ್ಲ. ಮಾಡುವಾಗ ಅವನಿಗೆ ಏನು ಬೇಕಾಗಿತ್ತು, ಏನು ಗೊತ್ತಿತ್ತು ಅನ್ನುವುದರ ಮೇಲೆ.

ಲೆಕ್ಕ ಮುಖ್ಯವಲ್ಲ ಅಂತ ಹೇಳುತ್ತಿಲ್ಲ. ಒಬ್ಬನನ್ನು ಕೊಂದವನೂ ಸಾವಿರ ಜನರನ್ನು ಕೊಂದವನೂ ಒಂದೇ ಅಂದರೆ ಆ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮನೆಯವರಿಗೆ ಏನು ಹೇಳುವುದು? ಆದರೆ ಲೆಕ್ಕದಿಂದ ಶುರು ಮಾಡಿದರೆ ದಾರಿ ತಪ್ಪುತ್ತೇವೆ. ಭೋಪಾಲ್ ನೋಡು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಿಂದ ವಿಷಗಾಳಿ ಹೊರಬಂತು. ಸಾವಿರಾರು ಜನ ಸತ್ತರು. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ಅದಕ್ಕೆ ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಪೈಪು ಕಳಚಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನು 304ರಿಂದ 304ಎಗೆ ಇಳಿಸಿತು. 2010ರ ಜೂನ್‌ನಲ್ಲಿ ತೀರ್ಪು ಬಂತು. 2 ವರ್ಷ, ಅವತ್ತೇ ಜಾಮೀನು. ಬೇಜವಾಬ್ದಾರಿ ಲಾರಿ ಡ್ರೈವರನ ಮೆಟ್ಟಿಲೇ ಒಂದು ಊರನ್ನು ಮುಗಿಸಿದವರಿಗೂ ಸಿಕ್ಕಿತು. ನನ್ನ ಕೇಳಿದರೆ, ವಿಷದ ಟ್ಯಾಂಕಿನ ಫ್ರಿಜ್ಜು ಆರಿಸಿದವರನ್ನು ಎಚ್ಚರ ತಪ್ಪಿದವರು ಅನ್ನಬಾರದು. ನಾನು ಜಡ್ಜ್ ಅಲ್ಲ, ಬಿಡು. ನಿನ್ನ ಪಟ್ಟಿಯಲ್ಲಿ ಇವರಿಗೆ ಯಾವ ಸ್ಥಾನ? ಫೋಟೋ ಹಾಕೋಣ ಅಂದರೆ ಯಾರದ್ದು ಹಾಕುತ್ತೀಯ?

ಇನ್ನೊಂದು ವಿಷಯ ನಿನಗೆ ಹೇಳಬೇಕು. ಕಾನೂನು ಪುಸ್ತಕದಲ್ಲಿ ಇದು ಎರಡೇ ಸಾಲು. ಹತ್ತಿರ ಕೂತು ನೋಡಿದರೆ ಮಾತ್ರ ಅದೇನು ಅಂತ ತಿಳಿಯುತ್ತದೆ.

ಸೆಷನ್ಸ್ ಕೇಸಿನಲ್ಲಿ ಅಪರಾಧ ಸಾಬೀತಾಗಿದೆ ಅಂತ ಹೇಳಿದ ಕೂಡಲೇ ಶಿಕ್ಷೆ ಬರೆದುಬಿಡುವಂತಿಲ್ಲ. "ಶಿಕ್ಷೆ ವಿಷಯದಲ್ಲಿ ನಿನಗೆ ಏನಾದರೂ ಹೇಳುವುದಿದೆಯಾ?" ಅಂತ ಆರೋಪಿಯನ್ನು ಕೇಳಬೇಕು. ಕೇಳಿ, ಅವನು ಹೇಳಿದ್ದನ್ನು ಬರೆದುಕೊಳ್ಳಬೇಕು. ಆ ಹೊತ್ತಿಗೆ ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಕಟಕಟೆಯಲ್ಲಿ ನಿಂತವನ ಎರಡು ಕೈ ಆ ಮರದ ಕಂಬಿ ಹಿಡಿದಿರುತ್ತವೆ. ನಾನು ಯಾವಾಗಲೂ ಕೈ ನೋಡುತ್ತಿದ್ದೆ, ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ. ಕೆಲವರು ಚೆನ್ನಾಗಿ ಮಾತಾಡುತ್ತಾರೆ. ಇಸ್ತ್ರಿ ಅಂಗಿ, ಕೈಮುಗಿದ ನಿಲುವು, "ತಪ್ಪಾಗಿದೆ ಸ್ವಾಮಿ, ವಯಸ್ಸಾದ ತಾಯಿ ಇದ್ದಾರೆ, ಪಶ್ಚಾತ್ತಾಪ ಪಡುತ್ತಿದ್ದೇನೆ". ವಕೀಲರು ಹೇಳಿಕೊಟ್ಟಿರುತ್ತಾರೆ ಅಂತಿಟ್ಟುಕೋ, ಆದರೂ ಹೇಳುವ ರೀತಿ ಗೊತ್ತಿರುತ್ತದೆ. ಇನ್ನು ಕೆಲವರು "ನಾ ಮಾಡಿಲ್ಲ, ನಂಗೊತ್ತಿಲ್ಲ" ಅಂತ ಗೊಣಗಿ, ಮೂಗು ಒರೆಸಿಕೊಂಡು ಸುಮ್ಮನಾಗುತ್ತಾರೆ. ಬಾಯಲ್ಲಿ ಇನ್ನೂ ಎಲೆ ಅಡಿಕೆ. ಒಂದೇ ಕೇಸಿನ ಒಂದನೇ ಆರೋಪಿ, ಎರಡನೇ ಆರೋಪಿ ಹೀಗೆ ಅಕ್ಕಪಕ್ಕ ನಿಂತದ್ದನ್ನು ನಾನು ನೋಡಿದ್ದೇನೆ. ಹಾಲ್‌ನಲ್ಲಿದ್ದ ಎಲ್ಲರ ಮನಸ್ಸೂ, ನನ್ನದೂ, ಮೊದಲನೆಯವನ ಕಡೆಗೆ ಒಂದು ಗುಲಗಂಜಿಯಷ್ಟಾದರೂ ವಾಲುತ್ತದೆ.

ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ಈ ತೊಂದರೆ ಇಲ್ಲ. ಬಣ್ಣದ ವೇಷ ತೆರೆಯ ಹಿಂದಿನಿಂದಲೇ ಅಬ್ಬರಿಸಿಕೊಂಡು ಬರುತ್ತದೆ, ರಾಕ್ಷಸ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಕೋರ್ಟಿಗೆ ಬರುವವರು ಮುಖಕ್ಕೆ ಬಣ್ಣ ಹಚ್ಚಿಕೊಂಡು ಬರುವುದಿಲ್ಲ.

ಈ ವಾಲುವಿಕೆ ಎಷ್ಟು ದುಬಾರಿ ಅಂತ ನೋಡಬೇಕಾದರೆ ನ್ಯೂರೆಂಬರ್ಗಿಗೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಿಟ್ಲರನ ಜೊತೆಗಿದ್ದ ನಾಜಿ ಮುಖಂಡರ ವಿಚಾರಣೆ ನಡೆದ ಜರ್ಮನಿಯ ಊರು ಅದು. ರಿಟೈರ್ ಆದ ಮೇಲೆ ಆ ವಿಚಾರಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಿನ್ನ ಅಪ್ಪ "ಮನೆಗೆ ಬಂದರೂ ನಿನಗೆ ಕೋರ್ಟೇ ಬೇಕಾ ಮಾರಾಯ್ತಿ" ಅನ್ನುತ್ತಾರೆ. ಕೆಟ್ಟತನವನ್ನು ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನಲ್ಲಿ ಸಾಲಾಗಿ ಕೂರಿಸಿ, ಇವನು ಇಷ್ಟು, ಅವನು ಅಷ್ಟು ಅಂತ ಅಧಿಕೃತವಾಗಿ ತೂಗಿದ್ದು ಅಲ್ಲಿ. 1945ರ ನವೆಂಬರ್ 20ಕ್ಕೆ ಶುರು, 1946ರ ಅಕ್ಟೋಬರ್ 1ಕ್ಕೆ ತೀರ್ಪು. 22 ಜನರ ಮೇಲೆ ತೀರ್ಪು. 12 ಜನಕ್ಕೆ ಗಲ್ಲು, ಅದರಲ್ಲಿ ಬೋರ್ಮನ್ ಎಂಬುವನು ಕೈಗೆ ಸಿಕ್ಕಿರಲೇ ಇಲ್ಲ. 3 ಜನಕ್ಕೆ ಜೀವಾವಧಿ, 4 ಜನಕ್ಕೆ ಬೇರೆ ಬೇರೆ ಅವಧಿಯ ಜೈಲು, 3 ಜನ ಖುಲಾಸೆ.

ಆ ಬೆಂಚಿನಲ್ಲಿದ್ದ ಇಬ್ಬರ ಕಥೆ ಹೇಳುತ್ತೇನೆ. ಒಬ್ಬ ಫ್ರಿಟ್ಸ್ ಸೌಕೆಲ್. ಪೋಸ್ಟ್‌ಮನ್‌ನ ಮಗ, ಹುಡುಗನಾಗಿದ್ದಾಗ ಹಡಗಿನಲ್ಲಿ ದುಡಿದವನು, ಹತ್ತು ಮಕ್ಕಳ ತಂದೆ. ಇನ್ನೊಬ್ಬ ಆಲ್ಬರ್ಟ್ ಸ್ಪೀರ್. ಅನುಕೂಲಸ್ಥರ ಮನೆಯವನು, ಆರ್ಕಿಟೆಕ್ಟ್, ಹಿಟ್ಲರನ ಮೆಚ್ಚಿನ ಹುಡುಗ. 1942ರ ಫೆಬ್ರವರಿಯಲ್ಲಿ ಸ್ಪೀರ್ ಶಸ್ತ್ರಾಸ್ತ್ರ ಮಂತ್ರಿಯಾದ. ಮಾರ್ಚ್‌ನಲ್ಲಿ ಸೌಕೆಲ್‌ಗೆ ಕೂಲಿಗಳನ್ನು ಒದಗಿಸುವ ಕೆಲಸ ಸಿಕ್ಕಿತು. ಸ್ಪೀರ್ ತನ್ನ ಕಾರ್ಖಾನೆಗಳಿಗೆ ಇಷ್ಟು ಜನ ಬೇಕು ಅಂತ ಇಂಡೆಂಟ್ ಹಾಕುವುದು, ಸೌಕೆಲ್ ಪೋಲೆಂಡು, ಉಕ್ರೇನು, ಫ್ರಾನ್ಸಿನಿಂದ ಹಿಡಿದು ತರುವುದು. ಸಂತೆಗೆ ಬಂದವರನ್ನು, ಚರ್ಚಿನಿಂದ ಹೊರಬಂದವರನ್ನು ಸುತ್ತುವರಿದು ರೈಲು ಹತ್ತಿಸಿದರು. ಉಕ್ರೇನಿನಂಥ ಸೋವಿಯತ್ ಪ್ರದೇಶಗಳಿಂದ ತಂದವರ ಅಂಗಿಗೆ ‘ಓಸ್ಟ್’, ಅಂದರೆ ಪೂರ್ವ, ಅನ್ನುವ ಬಟ್ಟೆ ತುಂಡು ಹೊಲಿಸಿದರು. ಹಾಗೆ ಬಂದವರು 50 ಲಕ್ಷ ಜನ, ಅದರಲ್ಲಿ ತಾವಾಗಿ ಬಂದವರು 2 ಲಕ್ಷವೂ ಇಲ್ಲ ಅಂತ 1944ರಲ್ಲಿ ಸೌಕೆಲನೇ ಒಂದು ಸಭೆಯಲ್ಲಿ ಹೇಳಿದ. ಅದು ಕಾಗದದಲ್ಲಿ ದಾಖಲಾಯಿತು.

ಸರಿ, ತೂಗು. ತರಿಸಿಕೊಂಡವನು ಜಾಸ್ತಿಯೋ, ತಂದುಕೊಟ್ಟವನು ಜಾಸ್ತಿಯೋ?

ನನ್ನ ಪ್ರಕಾರ ತರಿಸಿಕೊಂಡವನು ಒಂದು ಕೂದಲೆಳೆ ಜಾಸ್ತಿ. ಕಡಿಮೆಯಂತೂ ಅಲ್ಲ. ಬೇಡಿಕೆ ಅವನದ್ದು, ಅಧಿಕಾರ ಅವನಿಗೆ ಜಾಸ್ತಿ, ಹಿಟ್ಲರನ ಕೋಣೆಗೆ ಸೀದಾ ಹೋಗಿ ಮಾತಾಡುವ ಸಲಿಗೆ ಅವನಿಗಿತ್ತು. ಬರುವವರು ಬಲವಂತಕ್ಕೆ ಬರುವ ವಿದೇಶಿ ಕೂಲಿಗಳು ಅಂತ ಸ್ಪೀರ್‌ಗೆ ಗೊತ್ತಿತ್ತು. ಇದನ್ನು ಕೋರ್ಟೇ ತೀರ್ಪಿನಲ್ಲಿ ಬರೆದಿದೆ. ಅವನು ಕಣ್ಣಾರೆ ನೋಡಿಯೂ ಇದ್ದ. ನಾರ್ಡ್‌ಹೌಸೆನ್ ಎಂಬ ಊರಿನ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆಸಿ ರಾಕೆಟ್ ಕಾರ್ಖಾನೆ ಮಾಡಿದ್ದರು. ಮಿಟೆಲ್‌ಬಾವ್-ಡೋರಾ ಅಂತ ಅದರ ಕ್ಯಾಂಪಿನ ಹೆಸರು. ಮೊದಲ ತಿಂಗಳುಗಳಲ್ಲಿ ಕೈದಿಗಳು ಆ ಸುರಂಗದಲ್ಲೇ ಮಲಗುತ್ತಿದ್ದರು, ಕಲ್ಲು ಸಿಡಿಸುವ ಹೊಗೆಯಲ್ಲಿ, ಬೆಳಕು ಕಾಣದೆ. 1943ರ ಡಿಸೆಂಬರ್‌ನಲ್ಲಿ ಸ್ಪೀರ್ ಅಲ್ಲಿಗೆ ಹೋಗಿ ನೋಡಿಬಂದ. ಸುಮಾರು 60,000 ಕೈದಿಗಳು ಆ ಕ್ಯಾಂಪಿಗೆ ಬಂದರು, ಮೂರರಲ್ಲಿ ಒಬ್ಬರು ಸತ್ತರು.

ಸೌಕೆಲನನ್ನು ಗಲ್ಲಿಗೇರಿಸಿದರು. ಸ್ಪೀರ್‌ಗೆ 20 ವರ್ಷ.

ಕೋರ್ಟು ಕಾರಣ ಕೊಟ್ಟಿತು, ಇಲ್ಲ ಅನ್ನುವುದಿಲ್ಲ. ಕೊನೆಗಾಲದಲ್ಲಿ ಎಲ್ಲವನ್ನೂ ಸುಟ್ಟುಬಿಡಿ ಅಂತ ಹಿಟ್ಲರ್ ಹೇಳಿದಾಗ ಸ್ಪೀರ್ ತಡೆದ. ಯುದ್ಧ ಸೋತಿದ್ದೇವೆ ಅಂತ ಹಿಟ್ಲರನ ಮುಖಕ್ಕೆ ಹೇಳಿದ ಕೆಲವೇ ಜನರಲ್ಲಿ ಇವನೊಬ್ಬ. ಅವೆಲ್ಲ ನಿಜ. ಆದರೆ ಆ ಕಟಕಟೆಯ ದೃಶ್ಯವನ್ನೂ ಸ್ವಲ್ಪ ಕಣ್ಣಮುಂದೆ ತಂದುಕೋ. ಸೌಕೆಲ್ ಕೂಗಾಡುತ್ತಾನೆ, ಬೆವರುತ್ತಾನೆ, ತಾನು ಕೂಲಿಗಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತಲೇ ಆದೇಶ ಕೊಟ್ಟಿದ್ದೆ ಅನ್ನುತ್ತಾನೆ. ಸಾಯುವಾಗಲೂ ನಾನು ನಿರಪರಾಧಿ ಅಂದೇ ಸತ್ತ. ಸ್ಪೀರ್ ಒಳ್ಳೆ ಸೂಟು, ತಗ್ಗಿದ ದನಿ. "ಸರ್ಕಾರದಲ್ಲಿ ಇದ್ದವನು ನಾನು, ಜವಾಬ್ದಾರಿ ನನ್ನದೂ ಇದೆ, ಆದರೆ ಯಹೂದಿಗಳನ್ನು ಕೊಲ್ಲುತ್ತಿರುವುದು ನನಗೆ ಗೊತ್ತಿರಲಿಲ್ಲ" ಅನ್ನುವ ಧಾಟಿ. ಎಲ್ಲರೂ ‘ನಾನಲ್ಲ ನಾನಲ್ಲ’ ಅನ್ನುವ ಬೆಂಚಿನಲ್ಲಿ ಒಬ್ಬ ತಲೆತಗ್ಗಿಸಿದರೆ ಅವನೊಬ್ಬನೇ ಮನುಷ್ಯನ ಹಾಗೆ ಕಾಣುತ್ತಾನೆ.

ಅವನು 1966ರಲ್ಲಿ ಜೈಲಿನಿಂದ ಬಂದ. 1969ರಲ್ಲಿ ಆತ್ಮಕಥೆ ಹೊರತಂದ, ಅದು ಲಕ್ಷಗಟ್ಟಲೆ ಮಾರಾಟವಾಯಿತು, ಟಿವಿಯವರು ಸಾಲುಗಟ್ಟಿ ನಿಂತರು. ‘ಒಳ್ಳೆಯ ನಾಜಿ’ ಅಂತ ಹೆಸರೇ ಬಿತ್ತು. ಆಮೇಲೆ ಒಂದೊಂದೇ ಕಾಗದ ಹೊರಬಂತು. ಬರ್ಲಿನ್ನಿನಲ್ಲಿ ಸಾವಿರಾರು ಯಹೂದಿ ಸಂಸಾರಗಳನ್ನು ಮನೆ ಬಿಡಿಸಿದ್ದು ಇವನದೇ ಕಚೇರಿ. ಆ ಕಚೇರಿಯ ದಿನಚರಿಯಲ್ಲಿ ಅದಿದ್ದ ಭಾಗಗಳನ್ನು ಇವನ ಸ್ನೇಹಿತ ರುಡಾಲ್ಫ್ ವೋಲ್ಟರ್ಸ್ ಕತ್ತರಿಸಿ ಬೇರೆ ಪ್ರತಿ ಮಾಡಿಸಿದ್ದ. 1943ರ ಅಕ್ಟೋಬರ್ 6ರಂದು ಪೋಸೆನ್ ಊರಿನ ಸಭೆಯಲ್ಲಿ ಹಿಟ್ಲರನ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ ಯಹೂದಿಗಳನ್ನು ಹೆಂಗಸರು ಮಕ್ಕಳೆನ್ನದೆ ಮುಗಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿದ. ನಾನು ಅಷ್ಟೊತ್ತಿಗೆ ಅಲ್ಲಿಂದ ಹೊರಟುಬಿಟ್ಟಿದ್ದೆ ಅಂತ ಸ್ಪೀರ್ ಕೊನೆಯವರೆಗೂ ಊರಿಗೆಲ್ಲ ಹೇಳಿಕೊಂಡು ಬಂದ. 1981ರಲ್ಲಿ ಸತ್ತ. 2007ರಲ್ಲಿ ಅವನದೊಂದು ಹಳೆಯ ಪತ್ರ ಹರಾಜಿಗೆ ಬಂತು. 1971ರಲ್ಲಿ ಒಬ್ಬ ಹೆಂಗಸಿಗೆ ಬರೆದದ್ದು. ಅದರಲ್ಲಿ ಇದೆ: ನಾನು ಅಲ್ಲಿದ್ದೆ, ಸಂಶಯವೇ ಬೇಡ.

ನೋಡಿದೆಯಾ ಪುಟ್ಟಿ? ಸೌಕೆಲ್ ಒಳ್ಳೆಯವನು ಅಂತಲ್ಲ ನನ್ನ ಮಾತು. ಅವನಿಗೆ ತಕ್ಕ ಶಿಕ್ಷೆಯೇ ಆಯಿತು ಅನ್ನುವವರಿದ್ದರೆ ನಾನು ವಾದ ಮಾಡುವುದಿಲ್ಲ. ಆದರೆ ಆ ಇಬ್ಬರ ನಡುವಿನ ಅಂತರ ಇದೆಯಲ್ಲ, ಹಗ್ಗಕ್ಕೂ ಪುಸ್ತಕದ ರಾಯಲ್ಟಿಗೂ ಇರುವ ಅಂತರ, ಅದು ಮಾಡಿದ ಕೆಲಸದಿಂದ ಪೂರ್ತಿ ಬಂದದ್ದಲ್ಲ. ಮಾತು ಬಲ್ಲವನಿಗೆ ಸಿಕ್ಕ ರಿಯಾಯಿತಿ ಅದರಲ್ಲಿ ಸೇರಿದೆ. ನಮ್ಮ ಹಾಗೆ ಓದಿದವನು, ನಮ್ಮ ಹಾಗೆ ಮಾತಾಡುವವನು ಎದುರಿಗೆ ನಿಂತರೆ ಅವನ ಒಳಗೆ ಏನೋ ಒದ್ದಾಟ ಇದ್ದಿರಬೇಕು ಅಂತ ನಾವೇ ಊಹಿಸಿಕೊಳ್ಳುತ್ತೇವೆ. ಒರಟನ ಒಳಗೆ ಏನೂ ಇಲ್ಲ ಅಂದುಕೊಳ್ಳುತ್ತೇವೆ.

ಹಾಗಾದರೆ ಒದ್ದಾಟಕ್ಕೆ ಬೆಲೆಯೇ ಇಲ್ಲವಾ? ನಿಜವಾಗಿಯೂ ಅತ್ತವನಿದ್ದರೆ? ಅಂಥವನೂ ಇದ್ದ.

1942ರ ಜುಲೈ 13. ಪೋಲೆಂಡಿನ ಯುಜೆಫುಫ್ ಎಂಬ ಸಣ್ಣ ಊರು. ಹ್ಯಾಂಬರ್ಗಿನಿಂದ ಬಂದ 101ನೇ ಮೀಸಲು ಪೊಲೀಸ್ ಬೆಟಾಲಿಯನ್. ಸುಮಾರು 500 ಜನ. ಇವರು ಹಿಟ್ಲರನ ಆಯ್ದ ಪಡೆಯವರಲ್ಲ. ಸೈನ್ಯಕ್ಕೆ ವಯಸ್ಸು ಮೀರಿದ ಸಂಸಾರಸ್ಥರು. ಬಂದರಿನಲ್ಲಿ ಮೂಟೆ ಹೊತ್ತವರು, ಲಾರಿ ಓಡಿಸಿದವರು, ಗುಮಾಸ್ತರು. ಇನ್ನೂ ಬೆಳಕು ಹರಿಯುವ ಹೊತ್ತು. ಅವರ ಮೇಜರ್ ವಿಲ್ಹೆಲ್ಮ್ ಟ್ರಾಪ್ ಅವರನ್ನು ಸುತ್ತ ನಿಲ್ಲಿಸಿಕೊಂಡು ಅವತ್ತಿನ ಕೆಲಸ ಹೇಳಿದ. ಊರಿನ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರೆ ಮಾಡಬೇಕು. ಉಳಿದವರನ್ನು, ಅಂದರೆ ಹೆಂಗಸರು ಮಕ್ಕಳು ಮುದುಕರನ್ನು, ಕಾಡಿಗೆ ಕರೆದೊಯ್ದು ಗುಂಡು ಹಾಕಬೇಕು. ಹೇಳುವಾಗ ಅವನ ಗಂಟಲು ಕಟ್ಟಿತ್ತು, ಕಣ್ಣಲ್ಲಿ ನೀರಿತ್ತು. ನಂತರ ಅವನೇ ಒಂದು ಮಾತು ಸೇರಿಸಿದ: ವಯಸ್ಸಾದವರಲ್ಲಿ ಯಾರಿಗಾದರೂ ಈ ಕೆಲಸ ಆಗುವುದಿಲ್ಲ ಅನ್ನಿಸಿದರೆ ಮುಂದೆ ಬನ್ನಿ.

ಒಬ್ಬ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ, ಟ್ರಾಪ್ ತಡೆದ. ಅದನ್ನು ನೋಡಿ ಇನ್ನೂ ಕೆಲವರು ಬಂದರು. ಒಟ್ಟು ಹನ್ನೆರಡರ ಹತ್ತಿರ. ಬಂದೂಕು ಒಪ್ಪಿಸಿ ಪಕ್ಕಕ್ಕೆ ನಿಂತರು. ಅವರಿಗೆ ಏನೂ ಆಗಲಿಲ್ಲ. ಅದಕ್ಕೆ ಮುಂಚೆಯೇ ಒಬ್ಬ ಲೆಫ್ಟಿನೆಂಟ್, ಊರಲ್ಲಿ ಮರದ ವ್ಯಾಪಾರ ಇದ್ದವನು, ಹೆಂಗಸರು ಮಕ್ಕಳಿಗೆ ನಾನು ಗುಂಡು ಹಾಕುವುದಿಲ್ಲ ಅಂತ ಹೇಳಿ ಬೇರೆ ಕೆಲಸ ಕೇಳಿ ತೆಗೆದುಕೊಂಡಿದ್ದ. ಅವನನ್ನು ಕೊನೆಗೆ ಹ್ಯಾಂಬರ್ಗಿಗೆ ವರ್ಗ ಮಾಡಿದರು, ಅಷ್ಟೇ. ಉಳಿದವರು ಕೆಲಸಕ್ಕೆ ಇಳಿದರು. ಕಾಡಿನಲ್ಲಿ ಸಂಜೆಯವರೆಗೂ ಗುಂಡು ಹಾಕಿದರು. ಸತ್ತವರು ಸುಮಾರು 1,500. ಟ್ರಾಪ್ ಕಾಡಿನ ಕಡೆ ಹೋಗಲಿಲ್ಲ. ಊರಲ್ಲೇ ಅತ್ತಿಂದಿತ್ತ ಓಡಾಡುತ್ತಾ ಅಳುತ್ತಿದ್ದದ್ದನ್ನು ಅವನ ಜನರೇ ನೋಡಿದ್ದಾರೆ.

ಈ ಅಳುವಿಗೆ ಎಷ್ಟು ರಿಯಾಯಿತಿ ಕೊಡುತ್ತೀಯ? ನಾನು ಬಹಳ ಯೋಚನೆ ಮಾಡಿದೆ. ಒಂದು ಪೈಸೆಯೂ ಕೊಡಬಾರದು ಅಂತ ನನ್ನ ತೀರ್ಮಾನ. ಅಳು ಬಂದರೆ ಅದು ತಪ್ಪು ಅಂತ ಗೊತ್ತಿತ್ತು ಅಂತಲೇ ಅರ್ಥ ಅಲ್ವಾ? ಗೊತ್ತಿದ್ದೇ ಮಾಡಿದವನಿಗೆ ಮೆಟ್ಟಿಲು ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ. ಆದರೆ ಆ ‘ಮುಂದೆ ಬನ್ನಿ’ ಅನ್ನುವ ಮಾತು ಬೇರೆ. ಅದಕ್ಕೆ ನಾನು ಸ್ವಲ್ಪ ಕೊಡುತ್ತೇನೆ. ಯಾಕೆಂದರೆ ಅದು ಒಂದು ಕೆಲಸ, ಅದರಿಂದ ಹನ್ನೆರಡು ಜನರ ಕೈ ಅವತ್ತು ಉಳಿಯಿತು. ಅಳುವಿನಿಂದ ಯಾರ ಕೈಯೂ ಉಳಿಯಲಿಲ್ಲ, ಯಾರ ಜೀವವೂ ಉಳಿಯಲಿಲ್ಲ. ತಮಾಷೆ ಏನು ಗೊತ್ತಾ, ಅದೇ ಮಾತು ಉಳಿದ 480 ಚಿಲ್ಲರೆ ಜನರ ತಪ್ಪನ್ನು ಹೆಚ್ಚು ಮಾಡಿತು. ‘ಮೇಲಿನವರು ಹೇಳಿದರು, ಇಲ್ಲ ಅಂದಿದ್ದರೆ ನಮ್ಮನ್ನೇ ಗುಂಡಿಕ್ಕಿ ಕೊಲ್ಲುತ್ತಿದ್ದರು’ ಅನ್ನುವ ನೆಪ ಅವರಿಗೆ ಸಿಗುವುದೇ ಇಲ್ಲ. ಬಾಗಿಲು ತೆರೆದಿತ್ತು, ಕಣ್ಣೆದುರಿಗೇ ಕೆಲವರು ಹೋಗಿ ನಿಂತಿದ್ದರು.

1948ರಲ್ಲಿ ಪೋಲೆಂಡಿನಲ್ಲಿ ಟ್ರಾಪ್‌ಗೆ ಮರಣದಂಡನೆ ಆಯಿತು. ಆದರೆ ಆ ಕೇಸು ಯುಜೆಫುಫ್‌ನದ್ದಲ್ಲ. ಬೇರೆ ಕಡೆ 78 ಜನ ಪೋಲಿಷ್ ಹಳ್ಳಿಗರನ್ನು ಸೇಡಿಗೆ ಕೊಂದದ್ದಕ್ಕೆ. ಆ 1,500 ಜನ ಚಾರ್ಜ್‌ಶೀಟಿನಲ್ಲೇ ಇರಲಿಲ್ಲ.

ತಕ್ಕಡಿ ಹಿಡಿದವನ ಕೈಯನ್ನೂ ನೋಡಬೇಕು ಅನ್ನುವುದು ಇದಕ್ಕೇ. ನ್ಯೂರೆಂಬರ್ಗಿನಲ್ಲಿ ಸೋವಿಯತ್ ಜಡ್ಜ್ ಒಬ್ಬ ಪೀಠದಲ್ಲಿ ಕೂತಿದ್ದ. ಸೋವಿಯತ್ ವಕೀಲರು ಕಾಟಿನ್ ಕಾಡಿನ ಹತ್ಯಾಕಾಂಡವನ್ನು ಜರ್ಮನ್ನರ ತಲೆಗೆ ಕಟ್ಟಿದರು. ಅದನ್ನು ಮಾಡಿದ್ದು ಸ್ಟಾಲಿನ್ನನ ಪೊಲೀಸರು. 1940ರಲ್ಲಿ ಅಲ್ಲಿ ಮತ್ತು ಬೇರೆ ಕಡೆ ಸೇರಿ ಸುಮಾರು 22,000 ಪೋಲಿಷ್ ಅಧಿಕಾರಿಗಳು, ಕೈದಿಗಳು ಸತ್ತರು. ಜಡ್ಜ್‌ಗಳು ತೀರ್ಪಿನಲ್ಲಿ ಅದರ ಸುದ್ದಿಯನ್ನೇ ಎತ್ತದೆ ಬಿಟ್ಟರು. ಮಾಸ್ಕೋ ಒಪ್ಪಿಕೊಂಡದ್ದು 1990ರಲ್ಲಿ. ಯುದ್ಧ ಸೋತ ಜಪಾನಿನ ಮುಖಂಡರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ಜಡ್ಜ್ ಆಗಿದ್ದ ನಮ್ಮ ರಾಧಾಬಿನೋದ್ ಪಾಲ್ ಇದೇ ಮಾತು ಎತ್ತಿ, ಗೆದ್ದವರು ಸೋತವರನ್ನು ಮಾತ್ರ ತೂಗುವುದು ನ್ಯಾಯವಲ್ಲ ಅಂತ ಎಲ್ಲ ಆರೋಪಿಗಳನ್ನೂ ನಿರ್ದೋಷಿ ಅಂದುಬಿಟ್ಟರು. ಅವರ ಧೈರ್ಯ ಮೆಚ್ಚುತ್ತೇನೆ, ಆದರೆ ಒಪ್ಪುವುದಿಲ್ಲ. ತೂಗುವವನ ಕೈಯಲ್ಲೂ ರಕ್ತ ಇದೆ ಅಂದಮಾತ್ರಕ್ಕೆ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನ್ಯ ಕೊಂದ ಚೀನೀಯರು ಬದುಕುತ್ತಾರಾ?

ಬರೀ ಮಾತಾಡಿದವರ ಗತಿ ಏನು ಅಂತ ನೀನು ಮುಂದಿನ ಸಲ ಕೇಳುತ್ತೀಯ, ನನಗೆ ಗೊತ್ತು. ಅದೇ ನ್ಯೂರೆಂಬರ್ಗಿನ ಬೆಂಚಿನಲ್ಲಿ ಯೂಲಿಯಸ್ ಸ್ಟ್ರೈಖರ್ ಅಂತ ಒಬ್ಬನಿದ್ದ, ಪತ್ರಿಕೆ ನಡೆಸುತ್ತಿದ್ದವನು. 1923ರಿಂದ ಯಹೂದಿಗಳ ಮೇಲೆ ವಿಷ ಕಾರುವುದೇ ಅದರ ಕಸುಬು. 1940ರಲ್ಲಿ ಅವನ ಸ್ವಂತ ಪಕ್ಷದವರೇ ಅವನನ್ನು ಅಧಿಕಾರದಿಂದ ತೆಗೆದಿದ್ದರು. ಒಬ್ಬರನ್ನೂ ಕೈಯಾರೆ ಕೊಲ್ಲಲಿಲ್ಲ. ಆದರೂ ಗಲ್ಲಾಯಿತು. ರೇಡಿಯೋದಲ್ಲಿ ಸರ್ಕಾರದ ಪರ ಮಾತಾಡುತ್ತಿದ್ದ ಹಾನ್ಸ್ ಫ್ರಿಟ್ಸ್‌ಷೆ ಖುಲಾಸೆಯಾದ. ಸ್ಟ್ರೈಖರ್ ಸರಿಯಾಗಿ ಸಿಕ್ಕಿಬಿದ್ದದ್ದು ಎಲ್ಲಿ ಅಂದರೆ, ಪೂರ್ವದಲ್ಲಿ ಯಹೂದಿಗಳನ್ನು ಕೊಲ್ಲುತ್ತಿರುವ ಸುದ್ದಿ ಅವನಿಗೆ ಬರುತ್ತಿತ್ತು, ಅದನ್ನು ಓದಿದ ಮೇಲೂ ಅವರನ್ನು ನಿರ್ನಾಮ ಮಾಡಿ ಅಂತ ಬರೆಯುತ್ತಲೇ ಹೋದ. ಮತ್ತೆ ಅದೇ ಪ್ರಶ್ನೆ. ಗೊತ್ತಿತ್ತಾ? ಗೊತ್ತಾದ ಮೇಲೆ ಏನು ಮಾಡಿದ?

ಈಗ ನಿನ್ನ ರೂಮ್‌ಮೇಟ್ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಯುದ್ಧಕಾಲದ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಯಾಕಿಲ್ಲ, 1943ರ ಕ್ಷಾಮದಲ್ಲಿ ನಮ್ಮ ಬಂಗಾಳದಲ್ಲಿ ಸತ್ತವರು ಮನುಷ್ಯರಲ್ಲವಾ ಅಂತ ಅವಳು ಕೇಳಿದಳಂತೆ. ಕೇಳಬೇಕಾದ್ದೇ. ಸರ್ಕಾರಿ ಆಯೋಗ 15 ಲಕ್ಷ ಅಂದಿತು. ಆಮೇಲಿನ ಕೆಲವು ಲೆಕ್ಕಗಳು 30 ಲಕ್ಷವನ್ನೂ ದಾಟುತ್ತವೆ. ಅದಕ್ಕೆ ನೀನು "ಹಿಟ್ಲರನಿಗೂ ಚರ್ಚಿಲ್‌ಗೂ ವ್ಯತ್ಯಾಸವೇ ಇಲ್ಲ" ಅಂದುಬಿಟ್ಟೆಯಂತೆ. ಅಲ್ಲಿ ಸ್ವಲ್ಪ ನಿಲ್ಲು.

ವ್ಯತ್ಯಾಸ ಇದೆ. ನಾಜಿಗಳ ಸಾವಿನ ಕ್ಯಾಂಪಾದ ಆಶ್‌ವಿಟ್ಸ್‌ನಲ್ಲಿ ಸಾಯಿಸುವುದೇ ಕೆಲಸ. ರೈಲು, ಗ್ಯಾಸು, ಕುಲುಮೆ ಎಲ್ಲ ಅದಕ್ಕೇ ಇಟ್ಟದ್ದು. ಜನ ಸಾಯದಿದ್ದರೆ ಅಲ್ಲಿ ಕೆಲಸ ಕೆಟ್ಟ ಹಾಗೆ. ಬಂಗಾಳದಲ್ಲಿ ಸಾಯಿಸಬೇಕು ಅಂತ ಯಾರೂ ಕಾಗದ ಬರೆಯಲಿಲ್ಲ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿನವರು ಬಂದರೆ ಅವರಿಗೆ ಸಿಗಬಾರದು ಅಂತ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಸರ್ಕಾರ ಕಿತ್ತುಕೊಂಡಿತು ಅಥವಾ ಒಡೆದುಹಾಕಿತು. ಮೀನುಗಾರರ ಅನ್ನ ಅಲ್ಲಿಗೇ ಹೋಯಿತು. ಅಕ್ಟೋಬರ್‌ನಲ್ಲಿ ಮೇದಿನಿಪುರಕ್ಕೆ ಚಂಡಮಾರುತ ಬಡಿಯಿತು. ಅಕ್ಕಿ ಬೆಲೆ ಕೈಗೆ ಸಿಗದಂತೆ ಏರಿತು. ವ್ಯಾಪಾರಿಗಳು ಬಚ್ಚಿಟ್ಟರು. ಬೇರೆ ಪ್ರಾಂತ್ಯಗಳು ಅಕ್ಕಿ ಬಿಟ್ಟುಕೊಡಲಿಲ್ಲ. ಬಂಗಾಳದ ಮಂತ್ರಿಗಳು ಕೊರತೆಯೇ ಇಲ್ಲ ಅಂತ ಹೇಳಿಕೊಂಡು ತಿರುಗಿದರು. ಕ್ಷಾಮ ಅಂತ ಘೋಷಣೆ ಮಾಡಿದರೆ ನಿಯಮದ ಪ್ರಕಾರ ಗಂಜಿ ಕೇಂದ್ರ, ಕೆಲಸ ಎಲ್ಲ ಕೊಡಬೇಕಾಗುತ್ತಿತ್ತು. ಅದನ್ನು ಘೋಷಿಸಲೇ ಇಲ್ಲ. ಇಷ್ಟೂ ಕೈಗಳಿವೆ. ಚರ್ಚಿಲ್ ಒಬ್ಬನ ಫೋಟೋ ಹಾಕಿದರೆ ಉಳಿದವರೆಲ್ಲ ಆರಾಮಾಗಿ ಮನೆಗೆ ಹೋಗುತ್ತಾರೆ.

ಹಾಗಂತ ಅವನನ್ನು ಲಾರಿ ಡ್ರೈವರನ ಮೆಟ್ಟಿಲಿಗೆ ಇಳಿಸುವವರೂ ಇದ್ದಾರೆ. ಯುದ್ಧಕಾಲ, ಹಡಗು ಇರಲಿಲ್ಲ, ಪಾಪ ಏನು ಮಾಡುವುದು ಅನ್ನುವವರು. ಅದನ್ನೂ ಒಪ್ಪಬೇಡ. ಇಲ್ಲಿ ತಾರೀಖು ನೋಡಬೇಕು. 1943ರ ಆಗಸ್ಟ್ 22ರಂದು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆ ಬೀದಿಯಲ್ಲಿ ಬಿದ್ದು ಸಾಯುತ್ತಿರುವವರ ಫೋಟೋ ಹಾಕಿತು. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಕೂಡ ಬ್ರಿಟಿಷನೇ. ಲಂಡನ್ನಿನಲ್ಲಿ ಭಾರತದ ಖಾತೆಯ ಮಂತ್ರಿ ಅಮೆರಿ ಹಡಗು ಕೊಡಿ, ಗೋಧಿ ಕಳಿಸಿ ಅಂತ ಸಂಪುಟದ ಮುಂದೆ ಮತ್ತೆ ಮತ್ತೆ ಕೇಳಿದ. ಕೇಳಿದ್ದರಲ್ಲಿ ಒಂದಿಷ್ಟು ಮಾತ್ರ ಸಿಕ್ಕಿತು, ಉಳಿದದ್ದಕ್ಕೆ ಇಲ್ಲ ಅಂದರು. ಅಕ್ಟೋಬರ್‌ನಲ್ಲಿ ವೇವೆಲ್ ವೈಸ್‌ರಾಯ್ ಆಗಿ ಬಂದು ಸೈನ್ಯವನ್ನು ಪರಿಹಾರಕ್ಕೆ ಹಚ್ಚಿದ. ಅಂದರೆ ಮನಸ್ಸು ಮಾಡಿದರೆ ಮಾಡಬಹುದಾದದ್ದು ಇತ್ತು. ಫೋಟೋ ಬಂದ ಮೇಲೆ, ಅಮೆರಿ ಬಾಯಿಬಿಟ್ಟು ಕೇಳಿದ ಮೇಲೆ, ‘ಗೊತ್ತಿರಲಿಲ್ಲ’ ಅನ್ನುವುದು ನಡೆಯುವುದಿಲ್ಲ. ನನ್ನ ಹಳೆಯ ಲೆಕ್ಕದಲ್ಲಿ ಅದು 302 ಅಲ್ಲ, 304ಎ ಕೂಡ ಅಲ್ಲ. ಇಷ್ಟು ಜನ ಸಾಯುತ್ತಾರೆ ಅಂತ ಗೊತ್ತಿದ್ದೂ ಆಚೆ ತಿರುಗಿ ಕೂತ 304.

ಭಾರತೀಯರ ಬಗ್ಗೆ ಚರ್ಚಿಲ್ ಆಡಿದ ಹೊಲಸು ಮಾತುಗಳನ್ನು ನಿನ್ನ ರೂಮ್‌ಮೇಟ್ ಒಂದೊಂದಾಗಿ ಹೇಳಿದಳಲ್ಲ, ಅವು ಅಮೆರಿಯ ದಿನಚರಿಯಲ್ಲಿವೆ. ಅವನ್ನು ಓದಿದರೆ ಮೈ ಉರಿಯುತ್ತದೆ. ಆದರೆ ಕೇಸು ಕಟ್ಟುವಾಗ ಅವನ್ನು ಹಿಂದಿನ ಪುಟಕ್ಕೆ ಹಾಕು. ಚರ್ಚಿಲ್ ಮೆತ್ತಗೆ ಮಾತಾಡಿ, ಟ್ರಾಪ್‌ನ ಹಾಗೆ ಅತ್ತು, ಆಮೇಲೆ ಹಡಗು ಇಲ್ಲ ಅಂದಿದ್ದರೂ ಬಂಗಾಳಕ್ಕೆ ಬರುತ್ತಿದ್ದ ಗೋಧಿ ಅಷ್ಟೇ. ಮುಂದಿನ ಪುಟದಲ್ಲಿ ಇರಬೇಕಾದದ್ದು ಯಾವ ತಾರೀಖಿಗೆ ಯಾರು ಕೇಳಿದರು, ಯಾವ ತಾರೀಖಿಗೆ ಯಾರು ಇಲ್ಲ ಅಂದರು ಅನ್ನುವುದು.

ಅವಳ ಮುತ್ತಜ್ಜಿಯ ಮನೆ ಮೇದಿನಿಪುರದ ಕಡೆ, ನದಿ ದಡದಲ್ಲಿ ಅಂದೆಯಲ್ಲ. ಆ ಮನೆಯಲ್ಲಿ ದೋಣಿ ಇತ್ತಾ ಕೇಳು. ಇದ್ದರೆ ತೆಗೆದುಕೊಂಡು ಹೋದವರು ಯಾರು? ಪೊಲೀಸರಾ, ಮಿಲಿಟರಿಯವರಾ, ಇಲ್ಲ ಊರಿನ ಚೌಕೀದಾರನಾ? ದೋಣಿಗೆ ದುಡ್ಡು ಕೊಟ್ಟರಾ? ಕೊಟ್ಟಿದ್ದರೆ ಯಾರ ಕೈಗೆ, ದೋಣಿಯ ಯಜಮಾನನಿಗಾ ಅಥವಾ ಅದನ್ನು ಬಾಡಿಗೆಗೆ ಹಿಡಿದು ಮೀನಿಗೆ ಹೋಗುತ್ತಿದ್ದವನಿಗಾ? ರಸೀದಿ ಏನಾದರೂ ಹಳೆ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದರ ಫೋಟೋ ತೆಗೆದು ಕಳಿಸಲು ಹೇಳು. ಬಂಗಾಳಿ ನನಗೆ ಬರುವುದಿಲ್ಲ, ಅವಳೇ ಓದಿ ಹೇಳಿದರೂ ಸಾಕು, ತಾರೀಖು ಮಾತ್ರ ಮರೆಯದೆ ಹೇಳಲಿ.

ಇಂತಿ,
ನಿನ್ನ ಅಮ್ಮ